ಸಣ್ಣ ವಿಮಾನ ಬಿದ್ದರೆ ಯಾವಾಗಲೂ ಪೈಲಟ್‌ದೇ ತಪ್ಪಾ?

ಹಾಸನದ ಅಪ್ಪ:
ಮಗಳು ಪೈಲಟ್ ಟ್ರೈನಿಂಗ್ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಸಣ್ಣ ವಿಮಾನ ಬಿದ್ದ ಸುದ್ದಿಗಳಲ್ಲಿ 'ಮಾನವ ದೋಷ' ಅನ್ನೋ ಮಾತು ಮತ್ತೆ ಮತ್ತೆ ಕಾಣುತ್ತದೆ. ಅಂದರೆ ಪೈಲಟ್ ಬೇಜವಾಬ್ದಾರಿ ಅಂತ ತಾನೇ? ಜಾಗ್ರತೆಯಿಂದ ಹಾರಿಸುವವರಿಗೆ ಭಯ ಇಲ್ಲ ಅಂದುಕೊಳ್ಳಬಹುದಾ?

ಹ್ಯಾಂಗರ್ ಅಜ್ಜ:
ನಾನು ವಿಮಾನ ಹಾರಿಸಿದವನಲ್ಲ ಸರ್, ರಿಪೇರಿ ಮಾಡಿದವನು. ಆದರೂ ಪೈಲಟ್ ಪರವಾಗಿಯೇ ಮಾತಾಡುತ್ತೇನೆ.

ಅಮೆರಿಕದ ಹಾಡುಗಾರ ಜಾನ್ ಡೆನ್ವರ್ ಕೇಸು ನೋಡಿ. 1997ರ ಅಕ್ಟೋಬರ್ 12, ತಾವೇ ಹಾರಿಸುತ್ತಿದ್ದ ಸಣ್ಣ ವಿಮಾನ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಗೆ ಬಿದ್ದು ತೀರಿಕೊಂಡರು. 2,700 ಗಂಟೆಗಿಂತ ಜಾಸ್ತಿ ಹಾರಿದ ಮನುಷ್ಯ. ವಿಮಾನ ಲಾಂಗ್-ಈಝೀ, ನಕ್ಷೆ ತರಿಸಿಕೊಂಡು ನಾವೇ ಕಟ್ಟಿಕೊಳ್ಳುವಂಥದ್ದು. ಇದನ್ನು ಬೇರೆ ಯಾರೋ ಕಟ್ಟಿದ್ದರು, ಡೆನ್ವರ್ ಆಗಷ್ಟೇ ಕೊಂಡಿದ್ದರು.

ಅದರಲ್ಲಿ ಇಂಧನದ ಎರಡು ಟ್ಯಾಂಕ್. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಹಿಡಿ ನಕ್ಷೆಯ ಪ್ರಕಾರ ಪೈಲಟ್ ಕಾಲುಗಳ ನಡುವೆ ಇರಬೇಕು. ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಕೂರಿಸಿದ್ದರು. ಯಾವ ಕಡೆಗೆ ತಿರುಗಿಸಿದರೆ ಯಾವ ಟ್ಯಾಂಕ್ ಅಂತ ಗುರುತೂ ಇಲ್ಲ. ಇಂಧನ ಎಷ್ಟಿದೆ ಅಂತ ನೋಡುವ ಗಾಜು ಬೆನ್ನ ಹಿಂದೆ, ಅದಕ್ಕೂ ಅಳತೆಯ ಗೆರೆ ಇಲ್ಲ. ಆ ಗಾಜು ನೋಡಿಕೊಳ್ಳಲಿ ಅಂತ ಮೆಕ್ಯಾನಿಕ್ ಒಬ್ಬರು ಡೆನ್ವರ್‌ಗೆ ಕನ್ನಡಿ ಕೊಟ್ಟರು. ಹಿಡಿಗೆ ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಅದೂ ಆಗಲಿಲ್ಲ. ಅಲ್ಲೇ ನನ್ನ ಕೈಯಾದರೆ ಕೆಲಸ ನಿಲ್ಲಿಸುತ್ತಿತ್ತು.

ಗಾಳಿಯಲ್ಲಿ ಆ ಹಿಡಿ ಮುಟ್ಟಬೇಕು ಅಂದರೆ ಸೀಟಿನಲ್ಲೇ ಹಿಂದಕ್ಕೆ ತಿರುಗಬೇಕು. ತನಿಖೆ ಮಾಡಿದ ಎನ್‌ಟಿಎಸ್‌ಬಿ, ಅಂದರೆ ಅಮೆರಿಕದ ಸಾರಿಗೆ ಅಪಘಾತ ತನಿಖಾ ಮಂಡಳಿ, ಹೇಳಿದ್ದು ಇಷ್ಟು: ಹಾಗೆ ತಿರುಗುವಾಗ ಗಮನ ತಪ್ಪಿತು, ಗೊತ್ತಿಲ್ಲದೆ ಕಾಲಿಂದ ಬಲ ರಡ್ಡರ್ ಪೆಡಲ್ (ವಿಮಾನದ ಮೂತಿಯನ್ನು ಪಕ್ಕಕ್ಕೆ ತಿರುಗಿಸುವಂಥದ್ದು) ಒತ್ತಿಹೋಗಿ ವಿಮಾನ ಹಿಡಿತ ತಪ್ಪಿತು. ಆದರೆ ಹಿಡಿ ಇಟ್ಟ ಜಾಗವನ್ನೂ, ಗುರುತಿಲ್ಲದ ಗಾಜನ್ನೂ, ಆ ಮಾದರಿಯಲ್ಲಿ ಸಿಕ್ಕ ಕಡಿಮೆ ತರಬೇತಿಯನ್ನೂ ಕಾರಣಗಳಲ್ಲಿ ಸೇರಿಸಿತು. ಕಾಲು ಡೆನ್ವರ್‌ದು, ಸರಿ. ಹಿಡಿ ಅಲ್ಲಿಟ್ಟವರೂ ಮನುಷ್ಯರೇ ಅಲ್ವಾ?

ಸೆಸ್ನಾ ಮೇಷ್ಟ್ರು:
ಅಜ್ಜ, ಪೂರ್ತಿ ಬಿಟ್ಟುಕೊಡಲ್ಲ. ಹಿಡಿ ಕೈಗೆ ಸಿಗಲ್ಲ ಅಂತ ಡೆನ್ವರ್‌ಗೆ ಗೊತ್ತಿತ್ತು. ಇಂಧನ ಹಾಕಲಾ ಅಂತ ಕೇಳಿದಾಗ ಬೇಡ ಅಂದರು, ಸುಮಾರು ಒಂದು ಗಂಟೆ ಹಾರಾಟ ತಾನೇ ಅಂತ. ಎರಡೂ ಟ್ಯಾಂಕ್ ತುಂಬಿಸಿದ್ದರೆ ಆ ಹಿಡಿ ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಸನದ ಸರ್, ನಿಮ್ಮ ಮಗಳು ಕಲಿಯುವುದು ಬಹುಶಃ ಸೆಸ್ನಾ 172 ಅನ್ನೋ ಸಣ್ಣ ವಿಮಾನದಲ್ಲಿ. ಅದರ ಹಿಡಿ ಎರಡು ಸೀಟುಗಳ ನಡುವೆ ನೆಲದ ಮೇಲೆ, ಮಾಮೂಲಿ ಹಾರಾಟದಲ್ಲಿ ಎರಡೂ ಟ್ಯಾಂಕಿನಿಂದ ಎಳೆಯುವ ಹಾಗೆ ಇಟ್ಟಿರುತ್ತೇವೆ. ಆ ಭಯ ಬೇಡ.

ಹ್ಯಾಂಗರ್ ಅಜ್ಜ:
ಇಂಧನದ ಮಾತು ಒಪ್ಪಿದೆ ಮೇಷ್ಟ್ರೇ. ಸರ್, ಸೇರಿಸುವ ಮುಂಚೆ ಸುಮ್ನೆ ಒಂದು ದಿನ ಆ ಶಾಲೆಯ ಹ್ಯಾಂಗರ್‌ಗೆ ಹೋಗಿ. 'ಇವತ್ತು ಈ ವಿಮಾನ ಸರಿಯಿಲ್ಲ, ಹಾರಲ್ಲ' ಅಂತ ವಿದ್ಯಾರ್ಥಿ ಹೇಳಿದರೆ ಏನು ಮಾಡುತ್ತೀರಿ ಅಂತ ಕೇಳಿ. ಫೀಸಿನ ವಿಚಾರ ಆಮೇಲೆ.