ಪದಚರ್ಚೆ: ದಹನಕ್ಕೆ ‘ಅನುಮತಿ’ ಕೊಡುವುದೋ, ದಹನಕ್ಕೆ ‘ಒಪ್ಪಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯ ಕೇಳಬೇಕಿತ್ತು. ಅದು ಬಂದ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ನಿಘಂಟು ನೋಡಿ’ ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ನಿಘಂಟು ನೋಡಿ ಆಯಿತು.

ಉಡುಪಿಯಲ್ಲಿ ನಮ್ಮ ನೆರೆಮನೆಯ ಅಕ್ಕನ ಅಣ್ಣ ಹೋದ ತಿಂಗಳು ಅಮೆರಿಕದ ಫ್ಲಾರಿಡಾದಲ್ಲಿ ತೀರಿಕೊಂಡರು. ಅವರಿಗೆ ಮದುವೆ ಆಗಿರಲಿಲ್ಲ. ಅಪ್ಪ ಅಮ್ಮ ಎಂದೋ ಹೋಗಿದ್ದಾರೆ. ಅಲ್ಲಿಯ ಕಾನೂನಿನಲ್ಲಿ ಇದಕ್ಕೆ ಒಂದು ಸಾಲು ಉಂಟು: ಗಂಡ ಅಥವಾ ಹೆಂಡತಿ, ಆಮೇಲೆ ಮಕ್ಕಳು, ಆಮೇಲೆ ತಂದೆತಾಯಿ, ಆಮೇಲೆ ಒಡಹುಟ್ಟಿದವರು. ಹಾಗೆ ಇಳಿದು ಇಳಿದು ಕೊನೆಗೆ ಅದು ಉಡುಪಿಯ ತಂಗಿಯ ಹತ್ತಿರ ಬಂದು ನಿಂತಿತು. ಶವದ ವ್ಯವಸ್ಥೆ ನೋಡುವ ಅಲ್ಲಿಯವರು ನಾಲ್ಕು ಪುಟದ ಫಾರ್ಮ್ ಕಳುಹಿಸಿದರು. ತಲೆಬರಹ ‘ಆಥರೈಸೇಷನ್ ಫಾರ್ ಕ್ರಿಮೇಷನ್’.

ಅಕ್ಕ ಮಾತಾಡುವುದು ತುಳು, ಓದುವುದು ಕನ್ನಡ. ಇಂಗ್ಲಿಷ್ ಬರುವುದಿಲ್ಲ. ‘ನೀನು ಸ್ವಲ್ಪ ಕನ್ನಡದಲ್ಲಿ ಬರೆದು ಕೊಡು ಮಾರಾಯ. ಓದದೆ ಸಹಿ ಹಾಕ್ಲಿಕ್ಕೆ ನನಗೆ ಧೈರ್ಯ ಇಲ್ಲ’ ಅಂದರು.

ನಾನು ತಲೆಬರಹಕ್ಕೆ ‘ದಹನಕ್ಕೆ ಅನುಮತಿ’ ಅಂತ ಬರೆದೆ. ಹೆಚ್ಚು ಯೋಚಿಸಲಿಲ್ಲ. ಅಕ್ಕ ಅಲ್ಲೇ ನಿಂತರು. ‘ಅನುಮತಿಯಾ? ಅಣ್ಣನನ್ನು ಸುಡ್ಲಿಕ್ಕೆ ಅನುಮತಿ ಕೊಡ್ಲಿಕ್ಕೆ ನಾನು ಯಾರು?’

ನನ್ನ ಹತ್ತಿರ ಉತ್ತರ ಇರಲಿಲ್ಲ.

‘ಅನುಮತಿ’ ಯಾವಾಗಲೂ ಮೇಲಿನಿಂದ ಕೆಳಗೆ ಬರುವ ಮಾತು, ಅಲ್ವಾ? ಬಯಲಾಟದ ಮೈಕಿಗೆ ಪೊಲೀಸರ ಅನುಮತಿ. ಮನೆ ಕಟ್ಟಲಿಕ್ಕೆ ಪಂಚಾಯತಿನ ಅನುಮತಿ. ಕೇಳುವವನು ಕೆಳಗೆ, ಕೊಡುವವನು ಮೇಲೆ. ತಂಗಿ ಅಣ್ಣನ ವಿಷಯದಲ್ಲಿ ಹಾಗೆ ಮೇಲೆ ಕೂರುವುದು ಹೇಗೆ? ಇನ್ನೊಂದು ತೊಂದರೆಯೂ ಉಂಟು. ಅನುಮತಿ ಅಂದರೆ ಯಾರೋ ಬಂದು ಕೇಳಿರಬೇಕು. ‘ನಿಮ್ಮ ಅಣ್ಣನನ್ನು ಸುಡಲೇ?’ ಅಂತ ಯಾರೂ ಕೇಳಿದ್ದಲ್ಲ. ಸುಡಬೇಕು ಅನ್ನುವುದು ಮನೆಯವರದ್ದೇ ಮಾತು.

ಇದರ ಜೊತೆ ಒಂದು ಪೇಚು. ಫ್ಲಾರಿಡಾದಲ್ಲಿ ಸಾವಾಗಿ 48 ಗಂಟೆ ಕಳೆಯದೆ ಸುಡುವಂತಿಲ್ಲ. ಅಷ್ಟೇ ಅಲ್ಲ, ಸಾವುಗಳ ಕಾರಣ ನೋಡುವ ಸರಕಾರಿ ವೈದ್ಯಾಧಿಕಾರಿ ಸರಿ ಅನ್ನಬೇಕು. ಸುಟ್ಟ ಮೇಲೆ ಪೋಸ್ಟ್‌ಮಾರ್ಟಮ್ ಮಾಡಲು ಏನೂ ಉಳಿಯುವುದಿಲ್ಲ, ಅದಕ್ಕೆ. ನಿಜವಾದ ಅನುಮತಿ ಅದು. ಮನೆಯವರು ಸಹಿ ಹಾಕುವ ಕಾಗದಕ್ಕೂ ‘ಅನುಮತಿ’ ಅಂದರೆ ಒಂದೇ ಹೆಸರಿನ ಎರಡು ಕಾಗದ ಆಗುತ್ತದೆ. (48 ಗಂಟೆ ಅಂದ ಕೂಡಲೇ ಅಕ್ಕ ಕೇಳಿದ್ದು, ‘ಅಷ್ಟು ಹೊತ್ತು ಇಲ್ಲಿ ಒಲೆ ಹಚ್ಚಬಾರದಾ?’ ಅಂತ. ಅದು ಪದಚರ್ಚೆಗೆ ಬರುವ ಪ್ರಶ್ನೆ ಅಲ್ಲ, ಬಿಡಿ.)

ತಮಾಷೆ ಏನೆಂದರೆ ಇಂಗ್ಲೆಂಡಿನಲ್ಲಿ ಇಂಥದ್ದೇ ಕಾಗದಕ್ಕೆ ‘ಅರ್ಜಿ’ ಅಂತ ಹೆಸರು. ಅಲ್ಲಿಯ 2008ರ ದಹನ ನಿಯಮಗಳ ಒಂದನೇ ಫಾರ್ಮ್ ಅದು. ಮನೆಯವರು ಅರ್ಜಿ ಹಾಕುತ್ತಾರೆ, ಬೇರೆಯವರು ಮಂಜೂರು ಮಾಡುತ್ತಾರೆ. ಅಮೆರಿಕದಲ್ಲಿ ಮನೆಯವರೇ ‘ಆಥರೈಸ್’ ಮಾಡುತ್ತಾರೆ. ಕೆಲಸ ಒಂದೇ, ಒಂದು ಕಡೆ ಕೆಳಗಿನಿಂದ ಮೇಲೆ, ಇನ್ನೊಂದು ಕಡೆ ಮೇಲಿನಿಂದ ಕೆಳಗೆ.

ನಮ್ಮಲ್ಲಿ? ನಮ್ಮಲ್ಲಿ ಈ ಜಾಗದಲ್ಲಿ ಪದವೇ ಇಲ್ಲ ಅಂತ ನನಗೆ ಕಾಣುತ್ತದೆ. ಮೊದಲೆಲ್ಲ ಊರಲ್ಲಿ ತೋಟದ ಮೂಲೆಯಲ್ಲೋ ಗದ್ದೆಯ ಬದಿಯಲ್ಲೋ ಸುಡುತ್ತಿದ್ದರು. ಮಾವಿನ ಮರ ಕಡಿಯುತ್ತಿದ್ದರು, ತೆಂಗಿನ ಗೆರಟೆ ಒಟ್ಟು ಮಾಡುತ್ತಿದ್ದರು. ‘ಯಾವ ಮರ ಕಡಿಯುವುದು?’ ಅಂತ ಒಬ್ಬರು ಕೇಳುತ್ತಿದ್ದರು. ಮನೆಯ ಹಿರಿಯರು ಕೈ ತೋರಿಸುತ್ತಿದ್ದರು. ಆಥರೈಸೇಷನ್ ಅಂದರೆ ಅಷ್ಟೇ.

ಈಗ ಬೀಡಿನಗುಡ್ಡೆಯ ರುದ್ರಭೂಮಿಗೋ ಇಂದ್ರಾಳಿಯದ್ದಕ್ಕೋ ಒಯ್ಯುತ್ತಾರೆ. ಮಂಗಳೂರಿನವರು ಬೋಳೂರಿಗೋ ನಂದಿಗುಡ್ಡೆಗೋ. ನನ್ನ ಅಪ್ಪ ಹೋದಾಗ ರುದ್ರಭೂಮಿಯ ಪುಸ್ತಕದಲ್ಲಿ ನಾನೂ ಸಹಿ ಹಾಕಿದ್ದೇನೆ. ಹೆಸರು, ವಯಸ್ಸು, ಡಾಕ್ಟರ ಚೀಟಿ, ‘ಮೃತರಿಗೂ ನಿಮಗೂ ಸಂಬಂಧ’. ಸುಡಬಹುದೇ ಅಂತ ಯಾರೂ ಕೇಳಲಿಲ್ಲ. ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆ ಕೇಳುವುದೂ ಮಾಹಿತಿಯನ್ನೇ. ಮನೆಯಲ್ಲಿ ಸತ್ತರೆ ಮನೆಯ ಯಜಮಾನರು ತಿಳಿಸಬೇಕು, 21 ದಿನದ ಒಳಗೆ. ಹೆಣ ಸುಡುವ ಅಥವಾ ಹೂಳುವ ಜಾಗ ನೋಡಿಕೊಳ್ಳುವವರಿಗೂ ತಿಳಿಸುವ ಹೊಣೆ ಉಂಟು. ಹಾಗಾಗಿ ನಮ್ಮ ಕಚೇರಿ ಕನ್ನಡದಲ್ಲಿ ‘ಮಾಹಿತಿ ನೀಡಿದವರು’ ಇದ್ದಾರೆ, ‘ಅನುಮತಿ ಕೊಟ್ಟವರು’ ಇಲ್ಲ.

ಸರಿ, ಬೇರೆ ಪದ ಹುಡುಕಿದೆ. ‘ಪರವಾನಗಿ’ ಅಂದರೆ ಕೋವಿ ಮತ್ತು ವೈನ್‌ಶಾಪು ನೆನಪಾಗುತ್ತದೆ. ‘ಅಧಿಕಾರ ಪತ್ರ’ ಅಂದರೆ ಜಾಗ ಮಾರಲಿಕ್ಕೆ ಬರೆದುಕೊಟ್ಟ ಹಾಗೆ. ‘ಅಧಿಕೃತಗೊಳಿಸು’ ಅಂತ ಒಬ್ಬ ಗೆಳೆಯರು ಹೇಳಿದರು. ಅಕ್ಕನ ಮುಂದೆ ಅದನ್ನು ಓದುವ ಧೈರ್ಯ ನನಗಿಲ್ಲ. ‘ಒಪ್ಪಿಗೆ’ ಸ್ವಲ್ಪ ವಾಸಿ. ಆದರೆ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲು ಸಹಿ ಹಾಕುವ ಕಾಗದದ ನೆನಪು ಅದಕ್ಕೆ ಅಂಟಿಕೊಂಡಿದೆ. ಅಲ್ಲಿ ಡಾಕ್ಟರು ಹೇಳುತ್ತಾರೆ, ನಾವು ಹೂಂ ಅನ್ನುತ್ತೇವೆ. ಇಲ್ಲಿಯೂ ಹಾಗೆಯೇ, ಇನ್ನೊಬ್ಬರ ಮಾತಿಗೆ ಹೂಂ ಅಂದಂತೆ ಆಗುತ್ತದೆ.

ಕೊನೆಗೆ ತಲೆಬರಹ ಬಿಟ್ಟು ಫಾರ್ಮಿನ ಒಳಗೆ ಏನಿದೆ ಅಂತ ಮತ್ತೆ ಓದಿದೆ. ಇವರು ನನಗೆ ಇಂಥ ಸಂಬಂಧ. ನನಗಿಂತ ಮೇಲಿನ ಹಕ್ಕು ಇರುವವರು ಬೇರೆ ಯಾರೂ ಇಲ್ಲ. ದೇಹ ಇವರದ್ದೇ ಅಂತ ಗುರುತಾಗಿದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತೆಗೆಯಬೇಕು (ಬಿಸಿಗೆ ಅದರ ಬ್ಯಾಟರಿ ಸಿಡಿಯುತ್ತದೆ). ಸುಟ್ಟ ಮೇಲೆ ಹಿಂದೆ ತರಲಾಗದು ಅಂತ ನನಗೆ ಗೊತ್ತಿದೆ. ಉಳಿದದ್ದನ್ನು ಇಂಥವರಿಗೆ ಕೊಡಿ. ಇದನ್ನೆಲ್ಲ ಒಟ್ಟಿಗೆ ಓದಿದರೆ ಮಾಡುತ್ತಿರುವ ಕೆಲಸ ಯಾವುದು? ನನ್ನವರನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ, ಇಂಥ ಕೆಲಸಕ್ಕಾಗಿ ಕೊಡುತ್ತಿದ್ದೇನೆ, ಅಂತ. ಅದಕ್ಕೆ ಕನ್ನಡದಲ್ಲಿ ಪದ ಉಂಟಲ್ಲ: ಒಪ್ಪಿಸು.

ಒಪ್ಪಿಗೆಯೂ ಒಪ್ಪಿಸುವುದೂ ‘ಒಪ್ಪು’ವಿನಿಂದಲೇ ಬಂದದ್ದು. ಆದರೆ ದಾರಿ ಬೇರೆ. ಒಪ್ಪಿಗೆ ಮನಸ್ಸಿನದ್ದು, ಒಪ್ಪಿಸುವುದು ಕೈಯದ್ದು. ಮಗುವನ್ನು ಅಜ್ಜಿಗೆ ಒಪ್ಪಿಸಿ ಪೇಟೆಗೆ ಹೋಗುತ್ತೇವೆ. ಬೀಗದ ಕೈ ಒಪ್ಪಿಸುತ್ತೇವೆ. ದೈವಕ್ಕೆ ಹರಕೆ ಒಪ್ಪಿಸುತ್ತೇವೆ. ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಗುಂಡುಕಲ್ಲಿನಂಥವರೂ ಅಳುತ್ತಾರೆ. ಕೊಡುವವರು ಮೇಲೂ ಅಲ್ಲ, ಕೆಳಗೂ ಅಲ್ಲ. ವಸ್ತು ತಮ್ಮದು, ಜೀವ ತಮ್ಮದು, ಅದಕ್ಕೇ ಕೊಡುವ ಹಕ್ಕು ಉಂಟು. ತೆಗೆದುಕೊಳ್ಳುವವರ ಮೇಲೆ ಹೊಣೆಯೂ ಬೀಳುತ್ತದೆ.

‘ಅಣ್ಣನ ದೇಹವನ್ನು ದಹನಕ್ಕೆ ಒಪ್ಪಿಸುವ ಪತ್ರ’ ಅಂತ ಬರೆದು ಕೊಟ್ಟೆ. ಅಕ್ಕ ಎರಡು ಸಲ ಓದಿದರು. ‘ಹ್ಞಾ, ಇದು ಆಗ್ತದೆ’ ಅಂದರು. ಸಹಿ ಹಾಕಿದರು.

ಈಗ ನನ್ನ ಮೊದಲ ಪ್ರಶ್ನೆ. ಕಾನೂನು ಗೊತ್ತಿರುವವರು ಹೇಳಿ: ‘ಒಪ್ಪಿಸುವ ಪತ್ರ’ ಅಂದರೆ ‘ನೀವು ಸುಡಬಹುದು’ ಅನ್ನುವ ಬಲ ಆ ಮಾತಿನಲ್ಲಿ ಬರುತ್ತದಾ? ಇಲ್ಲ, ಬರೀ ಹೆಣ ಹಸ್ತಾಂತರ ಮಾಡಿದ ರಸೀದಿಯ ಹಾಗೆ ಕೇಳಿಸುತ್ತದಾ? ನನಗೆ ಬಲ ‘ದಹನಕ್ಕೆ’ ಅನ್ನುವುದರಲ್ಲಿ ಉಂಟು ಅನಿಸುತ್ತದೆ. ಆದರೆ ಇದು ನನ್ನದೇ ಕೂಸು, ನನಗೆ ಚಂದವೇ ಕಾಣುವುದು.

ಅದೇ ‘ದಹನ’ದ ಬಗ್ಗೆ ಒಂದು ಮಾತು. ಮೊದಲು ‘ಶವಸಂಸ್ಕಾರ’ ಅಂತ ಬರೆಯಲು ಹೊರಟಿದ್ದೆ, ಕೇಳಲಿಕ್ಕೆ ಮೆತ್ತಗಿದೆ ಅಂತ. ಆದರೆ ಸಂಸ್ಕಾರ ಅಂದರೆ ಸುಡುವುದೂ ಆಗಬಹುದು, ಹೂಳುವುದೂ ಆಗಬಹುದು. ಇಂಥ ಕಾಗದದಲ್ಲಿ ಎರಡರ ನಡುವೆ ಅನುಮಾನ ಉಳಿಯಬಾರದು. ‘ದಹನ’ ಅಂತಲೇ ಟೈಪ್ ಮಾಡಲು ಕೊಟ್ಟರೆ ಅಂಗಡಿಯ ಹುಡುಗ ಒಂದು ಕಡೆ ‘ದಫನ’ (ಹೂಳುವುದು) ಅಂತ ಹೊಡೆದಿದ್ದ! ಒಂದೇ ಅಕ್ಷರ, ಅರ್ಥ ಉಲ್ಟಾ. ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ಅರಬ್ಬಿಯಿಂದ. ನಮ್ಮ ಕರಾವಳಿಯ ಪೇಪರುಗಳಲ್ಲಿ ಎರಡೂ ದಿನಾ ಬರುವ ಪದಗಳು. ಹುಡುಗನ ತಪ್ಪೂ ಅಲ್ಲ. ಹಾಗಾಗಿ ಒಳಗೆ ಒಂದು ಕಡೆ ‘ಸುಡುವುದಕ್ಕೆ’ ಅಂತ ಬಿಡಿಸಿ ಬರೆದೆ. ಒರಟು ಅನಿಸಿದರೂ ಇರಲಿ.

‘ಫ್ಯಾಮಿಲಿ ಮೆಂಬರ್’ ಅನ್ನುವುದೂ ನಮ್ಮ ಕಡೆ ಸಲೀಸಲ್ಲ. ಘಟ್ಟದ ಮೇಲಿನವರಿಗೆ ‘ಕುಟುಂಬದ ಸದಸ್ಯ’ ಅಂದರೆ ಮುಗಿಯಿತು. ಆದರೆ ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಅಂದರೆ ತಾಯಿಯ ಬಳ್ಳಿ. ಅಣ್ಣ ತಂಗಿ ಒಂದೇ ಕುಟುಂಬ. ಅಪ್ಪ ಮತ್ತು ಮಕ್ಕಳು ಬೇರೆ ಬೇರೆ ಕುಟುಂಬ. ಅಕ್ಕನ ವಿಷಯದಲ್ಲಿ ಪದ ತಾನಾಗಿ ಸರಿಹೋಯಿತು. ನಾಳೆ ಮಗ ಅಪ್ಪನಿಗಾಗಿ ಸಹಿ ಹಾಕುವುದಾದರೆ? ‘ವಾರಸುದಾರ’ ಅಂತ ಆಸ್ಪತ್ರೆ, ಪೊಲೀಸ್ ಸ್ಟೇಷನ್‌ಗಳಲ್ಲಿ ಹೇಳುತ್ತಾರೆ, ‘ವಾರಸುದಾರರಿಲ್ಲದ ಶವ’ ಅಂತ ಪೇಪರಿನಲ್ಲೂ ಬರುತ್ತದೆ. ಆದರೆ ಆ ಪದದಲ್ಲಿ ಆಸ್ತಿಯ ವಾಸನೆ ಜಾಸ್ತಿ. ನಾನು ಸುಮ್ನೆ ‘ಹತ್ತಿರದ ಸಂಬಂಧಿ’ ಅಂತ ಹಾಕಿದೆ.

ಇನ್ನು ಸಹಿ ಹಾಕುವವರಿಗೆ ಫಾರ್ಮಿನಲ್ಲಿ ‘ಆಥರೈಸಿಂಗ್ ಏಜೆಂಟ್’ ಅನ್ನುತ್ತಾರೆ. ಇಲ್ಲಿ ನಾನು ಸೋತೆ. ‘ಕರ್ತೃ’ ಅನ್ನಬಹುದಾ ಅಂತ ಯೋಚಿಸಿದೆ. ಕ್ರಿಯೆಗೆ ಕೂರುವವರನ್ನು ಪುರೋಹಿತರು ಕರೆಯುವುದು ಹಾಗೆಯೇ. ಆದರೆ ಇಲ್ಲಿ ಸಹಿ ಹಾಕಿದ್ದು ತಂಗಿ, ಬೊಜ್ಜದ (ಉತ್ತರಕ್ರಿಯೆಯ) ದಿನ ಕ್ರಿಯೆಗೆ ಕೂತದ್ದು ಅವರ ಮಗ, ಅಂದರೆ ತೀರಿಕೊಂಡವರ ಸೋದರಳಿಯ. ಒಪ್ಪಿಸುವವರೇ ಕರ್ತೃ ಆಗಬೇಕಂತಿಲ್ಲ. ‘ಏಜೆಂಟ್’ ಅಂತಲೇ ಬಿಟ್ಟರೆ ಅಕ್ಕ ಎಲ್‌ಐಸಿ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ಒಪ್ಪಿಸುವವರು’ ಅಂತ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಧಾರವಾಡ, ಕಲಬುರಗಿ ಕಡೆ ಹೆಣದ ಜೊತೆ ಬಂದು ಸಹಿ ಹಾಕುವವರಿಗೆ ಏನಾದರೂ ಹೆಸರು ಇದೆಯಾ?

ಕೊನೆಯದು, ಸ್ವಲ್ಪ ಅರ್ಜೆಂಟು. ಅಲ್ಲಿಂದ ಒಂದು ಪೆಟ್ಟಿಗೆ ಬರುವುದಿದೆ. ಅದರ ಮೇಲೆ ಕನ್ನಡದಲ್ಲೂ ಒಂದು ಚೀಟಿ ಇರಲಿ ಅಂತ ಅಕ್ಕನ ಆಸೆ. ‘ಚಿತಾಭಸ್ಮ’ ಅನ್ನಲು ಅಲ್ಲಿ ಚಿತೆ ಇರಲಿಲ್ಲ, ಕುಲುಮೆ. ‘ಬೂದಿ’ಯೂ ಅಷ್ಟು ಸರಿಯಲ್ಲ. ಆ ಕುಲುಮೆಗಳಲ್ಲಿ ಸುಮಾರು 760ರಿಂದ 980 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಎರಡು ಮೂರು ಗಂಟೆಯಲ್ಲಿ ಉಳಿಯುವುದು ಎಲುಬಿನ ಚೂರು ಮಾತ್ರ. ಅದನ್ನು ಯಂತ್ರದಲ್ಲಿ ಪುಡಿ ಮಾಡಿ ಕೊಡುತ್ತಾರೆ. ನೋಡಲಿಕ್ಕೆ ಬೂದಿ, ನಿಜದಲ್ಲಿ ಎಲುಬು. ಹಾಗಾದರೆ ನಮ್ಮ ‘ಅಸ್ಥಿ’ಯೇ ಎಲ್ಲಕ್ಕಿಂತ ಸರಿ ಅಲ್ವಾ? ಇಂಗ್ಲಿಷಿನ ‘ಆ್ಯಶಸ್’ಗಿಂತಲೂ ಸರಿ. ಒಬ್ಬರು ಮಾತ್ರ ತಕರಾರು ತೆಗೆದರು: ಅಸ್ಥಿ ಅಂದರೆ ಆರಿಸಿದ್ದು, ಪುಡಿ ಮಾಡಿದ್ದಲ್ಲ ಅಂತ.

ಪೆಟ್ಟಿಗೆ ಮುಂದಿನ ವಾರ ಬರುತ್ತದಂತೆ. ನೇತ್ರಾವತಿ ಕುಮಾರಧಾರೆ ಸೇರುವಲ್ಲಿ, ಉಪ್ಪಿನಂಗಡಿಯಲ್ಲಿ ಬಿಡುವುದು ಅಂತ ಮಾತಾಗಿದೆ. ಅದಕ್ಕೆ ಮೊದಲು ಉತ್ತರ ಬಂದರೆ ಉಪಕಾರ.