ಎಲೆಕ್ಟ್ರಾನಿಕ್ ಡ್ರಮ್ಸ್ ರೆಕಾರ್ಡಿಂಗ್: ಮಿಡಿ ಸಾಕೇ, ಆಡಿಯೊ ಕೂಡ ಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ಸಣ್ಣ ಕೋಣೆಯೊಂದರಲ್ಲಿ ಎಲೆಕ್ಟ್ರಾನಿಕ್ ಡ್ರಮ್ಸ್ ಇಟ್ಟುಕೊಂಡು, ಎರಡು ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ (ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಮತ್ತು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸಿ ಗೆಳೆಯರ ಹಾಡುಗಳಿಗೆ ಡ್ರಮ್ಸ್ ಬಾರಿಸಿ ರೆಕಾರ್ಡ್ ಮಾಡುತ್ತಿದ್ದೇನೆ. ಮಾಡ್ಯೂಲಿನ (ಪ್ಯಾಡುಗಳಿಗೆ ಸದ್ದು ಕೊಡುವ ಪೆಟ್ಟಿಗೆಯ) ಯುಎಸ್‌ಬಿ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮಿಡಿ, ಅಂದರೆ ಪೆಟ್ಟುಗಳ ಲೆಕ್ಕ, ದಾಖಲಾಗುತ್ತದೆ. ಆದರೆ ಕೋಲು ಪ್ಯಾಡಿಗೆ ತಾಗಿದ ಮೇಲೆ ಸಾಫ್ಟ್‌ವೇರಿನ ಸದ್ದು ಚೂರು ತಡವಾಗಿ ಕಿವಿಗೆ ಬೀಳುವುದರಿಂದ, ಪಲ್ಲವಿ ಮುಗಿಯುವಷ್ಟರಲ್ಲಿ ನನ್ನ ಲಯ ಹಿಂದೆ ಬಿದ್ದಿರುತ್ತದೆ. ಸ್ನೇರ್ ಡ್ರಮ್ಮಿನ ಕೆಲವು ಪೆಟ್ಟುಗಳು ಎರಡೆರಡು ಸಲ ಕೇಳಿಸುವುದೂ ಉಂಟು. ಮಾಡ್ಯೂಲಿನ ಆಡಿಯೊವನ್ನೇ ರೆಕಾರ್ಡ್ ಮಾಡಿದರೆ ತಡವೇನೂ ಇಲ್ಲ, ಆದರೆ ಕಿಕ್ (ಕಾಲಿನಿಂದ ಬಾರಿಸುವ ಡ್ರಮ್), ಸ್ನೇರ್, ಸಿಂಬಲ್ ಎಲ್ಲವೂ ಒಂದೇ ಸ್ಟೀರಿಯೊ ಟ್ರ್ಯಾಕಿನಲ್ಲಿ ಬೆರೆತುಹೋಗುತ್ತವೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ 1

ಆರಿಸಿಕೊಳ್ಳುವ ಅಗತ್ಯವೇ ಇಲ್ಲ, ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ಮಿಡಿಯಲ್ಲಿ ಸದ್ದು ಇರುವುದಿಲ್ಲ. ಯಾವ ಪ್ಯಾಡಿಗೆ, ಯಾವಾಗ, 1ರಿಂದ 127ರವರೆಗಿನ ಅಳತೆಯಲ್ಲಿ ಎಷ್ಟು ಜೋರಾಗಿ ಪೆಟ್ಟು ಬಿತ್ತು ಎಂಬ ಲೆಕ್ಕ ಮಾತ್ರ ಅಲ್ಲಿರುತ್ತದೆ. ಜನರಲ್ ಮಿಡಿ ಪದ್ಧತಿಯಲ್ಲಿ ಕಿಕ್ಕಿಗೆ 36, ಸ್ನೇರಿಗೆ 38, ಮುಚ್ಚಿದ ಹೈ-ಹ್ಯಾಟಿಗೆ (ಪೆಡಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) 42, ತೆರೆದದ್ದಕ್ಕೆ 46 ಎಂದು ಸಂಖ್ಯೆಗಳಿರುವುದರಿಂದ, ಇವತ್ತು ಬಾರಿಸಿದ್ದಕ್ಕೆ ನಾಳೆ ಬೇರೆ ಸ್ನೇರಿನ ಸದ್ದನ್ನು ಹಾಕಬಹುದು. ಮಾಡ್ಯೂಲಿನ ಎಡ ಮತ್ತು ಬಲ ಔಟ್‌ಪುಟ್‌ಗಳನ್ನು ಇಂಟರ್‌ಫೇಸಿನ ಎರಡು ಇನ್‌ಪುಟ್‌ಗಳಿಗೆ ಕೊಡಿ. ಅವು ‘ಲೈನ್’ ಸ್ಥಿತಿಯಲ್ಲಿರಲಿ, ಗಿಟಾರಿನ ಸ್ಥಿತಿಯಲ್ಲಿ ಬೇಡ. ಹಾಡನ್ನು ಮಾಡ್ಯೂಲಿನ ಆಕ್ಸ್-ಇನ್‌ಗೆ (ಹೊರಗಿನ ಸದ್ದನ್ನು ಒಳಕ್ಕೆ ಪಡೆಯುವ ಇನ್‌ಪುಟ್) ಕೊಟ್ಟು, ಹೆಡ್‌ಫೋನನ್ನು ಮಾಡ್ಯೂಲಿಗೇ ಸಿಕ್ಕಿಸಿಕೊಂಡು ಬಾರಿಸಿದರೆ ತಡದ ತೊಂದರೆ ಇರುವುದಿಲ್ಲ.

ಉತ್ತರ 2

ಮೇಲಿನ ಸಲಹೆಯಲ್ಲಿ ಒಂದು ತಿದ್ದುಪಡಿ ಅಗತ್ಯ. ಆಕ್ಸ್-ಇನ್‌ಗೆ ಕೊಟ್ಟ ಹಾಡು ಎಷ್ಟೋ ಮಾಡ್ಯೂಲುಗಳಲ್ಲಿ ಮುಖ್ಯ ಔಟ್‌ಪುಟ್‌ನಿಂದಲೂ ಹೊರಬರುತ್ತದೆ. ಹಾಗಾದಾಗ ಹಾಡು, ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಎರಡೂ ಡ್ರಮ್ಸ್ ಟ್ರ್ಯಾಕಿನೊಳಗೆ ಸೇರಿಕೊಂಡು, ಆಮೇಲೆ ಅವನ್ನು ಚೊಕ್ಕವಾಗಿ ಬಿಡಿಸುವುದು ತುಂಬ ಕಷ್ಟ. ಇದರಿಂದ ನಾನೊಮ್ಮೆ ಇಡೀ ರಾತ್ರಿಯ ಕೆಲಸವನ್ನು ಕಳೆದುಕೊಂಡಿದ್ದೇನೆ. ಹೆಡ್‌ಫೋನನ್ನು ಇಂಟರ್‌ಫೇಸಿಗೆ ಸಿಕ್ಕಿಸಿ, ಅದರ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಿ, ರೀಪರ್‌ನಲ್ಲಿ ಆಡಿಯೊ ಮತ್ತು ಮಿಡಿ ಎರಡೂ ಟ್ರ್ಯಾಕುಗಳ ಮಾನಿಟರಿಂಗ್ ಆಫ್ ಮಾಡಿ. ಆಗ ಡ್ರಮ್ಸ್ ಸದ್ದು ಕಂಪ್ಯೂಟರನ್ನು ಸುತ್ತಿಕೊಂಡು ಬರದೆ ನೇರವಾಗಿ ಕೇಳಿಸುತ್ತದೆ.

ಸಾಫ್ಟ್‌ವೇರಿನ ಸದ್ದನ್ನೇ ಕೇಳುತ್ತ ಬಾರಿಸಬೇಕೆಂದಿದ್ದರೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕಿನ ಗಾತ್ರ) ಇಳಿಸಬೇಕು. 48,000 ಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ಗಳ ಬಫರ್ ಒಂದೇ 10.7 ಮಿಲಿಸೆಕೆಂಡ್ ತಡ ಮಾಡಿದರೆ, 128ರ ಬಫರ್ 2.7 ಮಿಲಿಸೆಕೆಂಡ್ ಮಾಡುತ್ತದೆ. ವಿಂಡೋಸ್ ಆದರೆ ತಡವನ್ನು ಕಡಿಮೆ ಮಾಡುವ, ಇಂಟರ್‌ಫೇಸ್ ಕಂಪನಿಯದೇ ಆಸಿಯೊ ಡ್ರೈವರ್ ಇರಲಿ. ನಿಜವಾದ ಸ್ನೇರಿನ ಸದ್ದಿಗೂ ಅದರ ಮುಂದೆ ಕುಳಿತವರ ಕಿವಿ ತಲುಪಲು ಸುಮಾರು 2 ಮಿಲಿಸೆಕೆಂಡ್ ಬೇಕಾಗುವುದರಿಂದ, ಅಷ್ಟು ತಡ ಕೈಗೆ ತಿಳಿಯುವುದಿಲ್ಲ.

ಎರಡು ಸಲ ಕೇಳಿಸುವ ಸ್ನೇರಿಗೆ ಮಿಡಿ ಎಡಿಟರನ್ನು ತೆರೆದು ನೋಡಿ. ಅಲ್ಲಿ ಒಂದೇ ನೋಟ್ ಇದ್ದರೆ, ನೀವು ಮಾಡ್ಯೂಲ್ ಮತ್ತು ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೀರಿ ಎಂದರ್ಥ. 98ರ ಬಲದ ದೊಡ್ಡ ನೋಟಿನ ಬೆನ್ನಿಗೇ 15ರದೋ 20ರದೋ ಪುಟ್ಟ ನೋಟ್ ಅಂಟಿಕೊಂಡಿದ್ದರೆ, ಪ್ಯಾಡಿನ ಕಂಪನ ಇನ್ನೊಂದು ಪೆಟ್ಟಾಗಿ ದಾಖಲಾಗುತ್ತಿದೆ. ಮಾಡ್ಯೂಲಿನಲ್ಲಿ ರಿಟ್ರಿಗರ್ ಕ್ಯಾನ್ಸಲ್ ಅಥವಾ ಮಾಸ್ಕ್ ಟೈಮ್ ಎಂಬ, ಇಂಥ ಮರುಪೆಟ್ಟನ್ನು ತಡೆಯುವ ಸೆಟ್ಟಿಂಗನ್ನು ತುಸು ಏರಿಸಿ. ಅತಿಯಾಗಿ ಏರಿಸಿದರೆ ಬಿರುಸಾದ ರೋಲ್‌ನ ನಿಜವಾದ ಪೆಟ್ಟುಗಳೇ ಮಾಯವಾಗುತ್ತವೆ.

ಉತ್ತರ 3

ಮಿಡಿ ಇದ್ದಮೇಲೆ ಆಡಿಯೊ ಏಕೆ ಎಂದು ಹಲವರು ಕೇಳುತ್ತಾರೆ. ಬಾರಿಸುವಾಗ ಕೈ ತನ್ನ ಬಲವನ್ನು ನಿರ್ಧರಿಸುವುದು ಆ ಹೊತ್ತಿನಲ್ಲಿ ಕಿವಿಗೆ ಬಿದ್ದ ಸದ್ದನ್ನು ಅನುಸರಿಸಿ. ಆ ಸದ್ದು ಏನಾಗಿತ್ತು ಎಂಬುದಕ್ಕೆ ಆಡಿಯೊ ಟ್ರ್ಯಾಕ್ ಒಂದೇ ಸಾಕ್ಷಿ. ಹೈ-ಹ್ಯಾಟಿನಲ್ಲಿ ಇದು ಎದ್ದು ಕಾಣುತ್ತದೆ: ಪೆಡಲ್ ಎಷ್ಟು ತೆರೆದಿದೆ ಎಂಬುದು ಸಾಮಾನ್ಯವಾಗಿ 4ನೇ ಕಂಟ್ರೋಲರ್ ಸಂದೇಶವಾಗಿ ಹೋಗುತ್ತದೆ, ಮತ್ತು ಸಾಫ್ಟ್‌ವೇರಿನಲ್ಲಿ ನಿಮ್ಮ ಮಾಡ್ಯೂಲಿಗೆ ಹೊಂದುವ ಪ್ರಿಸೆಟ್ (ಸಿದ್ಧ ಹೊಂದಾಣಿಕೆ) ಆರಿಸದಿದ್ದರೆ ಅರ್ಧ ತೆರೆದ ಹ್ಯಾಟ್ ಪೂರ್ತಿ ಮುಚ್ಚಿದಂತೆ ಕೇಳಿಸಬಹುದು. ಎರಡು ಟ್ರ್ಯಾಕುಗಳನ್ನು ಪಕ್ಕಪಕ್ಕದಲ್ಲಿ ಕೇಳಿದರೆ ತಪ್ಪು ತಕ್ಷಣ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಡೈರೆಕ್ಟ್ ಮಾನಿಟರ್‌ನಿಂದ ಲಯ ಸರಿಹೋಯಿತು, ಎಡಿಟರಿನಲ್ಲಿ ಪುಟ್ಟ ನೋಟುಗಳೂ ಸಿಕ್ಕವು. ಆದರೆ ಯುಎಸ್‌ಬಿ ಮತ್ತು ಆಡಿಯೊ ಕೇಬಲ್ ಎರಡನ್ನೂ ಸಿಕ್ಕಿಸಿದೊಡನೆ ಗುಂಯ್ ಎನ್ನುವ ಸದ್ದು ಬರುತ್ತಿದೆ.

ಉತ್ತರ 2

ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿದಾಗ ಬರುವ ಸದ್ದು. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಲ್ಲದಿದ್ದರೆ, ಮತ್ತು ನಿಮ್ಮ ಇಂಟರ್‌ಫೇಸಿನಲ್ಲಿ ಐದು ಪಿನ್ನಿನ ಮಿಡಿ ಇನ್ ಇದ್ದರೆ, ಯುಎಸ್‌ಬಿ ಬಿಟ್ಟು ಆ ಕೇಬಲ್ಲನ್ನೇ ಬಳಸಿ. ಅಲ್ಲಿ ಸಂದೇಶ ಬೆಳಕಿನ ಮೂಲಕ ದಾಟುವಂತೆ ಆಪ್ಟೊಕಪ್ಲರ್ ಇರುವುದರಿಂದ ಆ ಕೇಬಲ್ಲಿನ ಮೂಲಕ ಎರಡು ಉಪಕರಣಗಳ ಗ್ರೌಂಡ್ ಒಂದಕ್ಕೊಂದು ತಾಗುವುದಿಲ್ಲ. ಸದ್ದು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಸಂಪರ್ಕವನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಅದು ಜೀವಕ್ಕೇ ಅಪಾಯ.