ತಂಗಿಗೆ ಐಫೋನ್ ಕೊಡಿಸಲಾ, ಬೇಡವಾ? ಬಳಸಿದವರು ಹೇಳಿ

ಕೋಲಾರ, ಟೈಲರಿಂಗ್ ಕೆಲಸ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 22 ವರ್ಷ. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ತಯಾರಾಗುವುದು ಐಫೋನ್. ಮೊದಲ ಶಿಫ್ಟ್ ಇದ್ದರೆ ನಾಲ್ಕೂವರೆಗೇ ಎದ್ದು ಕಂಪನಿ ಬಸ್ಸಿಗೆ ಓಡುತ್ತಾಳೆ. ಇಡೀ ದಿನ ಆ ಫೋನುಗಳು ಅವಳ ಕೈ ಮೇಲೆ ಹಾದು ಹೋಗುತ್ತವೆ. ಮನೆಗೆ ಬಂದರೆ ಅವಳ ಹತ್ತಿರ ಇರುವುದು ಮೂಲೆ ಒಡೆದು ಟೇಪ್ ಅಂಟಿಸಿದ ಹಳೆ ಆಂಡ್ರಾಯ್ಡ್. ಈಗ ಒಂದೇ ಹಠ. ನನಗೂ ಐಫೋನ್ ಬೇಕು, 24 ತಿಂಗಳ ಇಎಂಐ ನಾನೇ ಕಟ್ಟುತ್ತೇನೆ ಅಂತ.

ಅಪ್ಪ ಒಪ್ಪುತ್ತಿಲ್ಲ. "ಆ ದುಡ್ಡಿಗೆ ಒಂದು ಸೀಮೆ ಹಸು ಬರುತ್ತದೆ. ಹಸು ಆದರೆ ಡೇರಿಗೆ ಹಾಲು ಹಾಕಬಹುದು. ಫೋನ್ ಏನು ಕೊಡುತ್ತದೆ?" ಅನ್ನುತ್ತಾರೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಅಂಗಡಿಯಲ್ಲಿ ಆ ಫೋನ್ ಕೈಗೆ ತೆಗೆದುಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಬೆಲೆ ನೋಡಿದರೆ ಸಿಟ್ಟು ಬರುತ್ತದೆ. ಬಳಸಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಮಾಲೂರು, ಪ್ರೈಮರಿ ಶಾಲೆ ಟೀಚರ್

ನೋಡಮ್ಮ, ನಾನು 2019ರ ಕೊನೆಯಲ್ಲಿ ಐಫೋನ್ 11 ತೆಗೆದುಕೊಂಡೆ. ಆಗ ಅದರ ಆರಂಭದ ಬೆಲೆ 64,900 ರೂಪಾಯಿ. ಇದನ್ನು ಬರೆಯುತ್ತಿರುವುದೂ ಅದೇ ಫೋನಿನಲ್ಲಿ. ಐಫೋನ್ ನಡೆಸುವ ಸಾಫ್ಟ್‌ವೇರಿಗೆ ಐಒಎಸ್ ಅನ್ನುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 26 ಕೂಡ ಇದಕ್ಕೆ ಸಿಕ್ಕಿತು. ಆರು ವರ್ಷದ ಹಳೆ ಫೋನಿಗೆ! ನನಗೆ ಐಫೋನಿನ ಆಪಲ್ ಕಂಪನಿ ಮೇಲೆ ಪ್ರೀತಿ ಇರುವುದು ಮುಖ್ಯವಾಗಿ ಇದಕ್ಕೇ.

ಸಿಟ್ಟು ಇರುವುದು ಕನ್ನಡದ ವಿಷಯಕ್ಕೆ. ಮೊದಲ ಐಫೋನ್ ಬಂದದ್ದು 2007ರಲ್ಲಿ. ಫೋನಿನ ಜೊತೆಗೇ ಬರುವ ಕನ್ನಡ ಕೀಬೋರ್ಡ್ ಕೊಟ್ಟದ್ದು 2017ರಲ್ಲಿ, ಐಒಎಸ್ 11ರ ಜೊತೆ. ಹತ್ತು ವರ್ಷ! ಅಷ್ಟು ವರ್ಷ ನಮ್ಮ ಭಾಷೆ ಅವರ ಲೆಕ್ಕದಲ್ಲೇ ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು. ಈಗ ಪರವಾಗಿಲ್ಲ. ಐಒಎಸ್ 18 ಬಂದ ಮೇಲೆ ಲಾಕ್ ಸ್ಕ್ರೀನಿನಲ್ಲಿ ಗಂಟೆಯನ್ನು ಕನ್ನಡ ಅಂಕಿಯಲ್ಲೇ ಇಟ್ಟುಕೊಂಡಿದ್ದೇನೆ. ಮೇಜಿನ ಮೇಲೆ ಫೋನ್ ಇಟ್ಟರೆ ಮೂರನೇ ಕ್ಲಾಸಿನ ಮಕ್ಕಳು ಬಗ್ಗಿ ನೋಡಿ "೧೨:೪೦, ಮಿಸ್, ಊಟದ ಬೆಲ್" ಎಂದು ಓದುತ್ತಾರೆ. ಕನ್ನಡ ಅಂಕಿ ಅವರಿಗೆ ಪುಸ್ತಕದ ಆಚೆ ಸಿಕ್ಕಿದ್ದು ಅಲ್ಲೇ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 64,900ನ್ನು ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 900 ರೂಪಾಯಿ ಬೀಳುತ್ತದೆ. ಇದೇ ಆರು ವರ್ಷದಲ್ಲಿ ನಮ್ಮ ಯಜಮಾನರು 15,000ದ್ದು ಒಂದು, 17,000ದ್ದು ಒಂದು, ಎರಡು ಆಂಡ್ರಾಯ್ಡ್ ಬಳಸಿದರು. ಒಟ್ಟು 32,000. ನನ್ನ ಖರ್ಚಿನ ಅರ್ಧ. "ಐಫೋನ್ ಬಾಳಿಕೆ ಬರುತ್ತದೆ, ಹಾಗಾಗಿ ಕೊನೆಗೆ ಅದೇ ಅಗ್ಗ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಳಿಕೆ ಬರುವುದು ನಿಜ, ಅಗ್ಗ ಆಗುವುದಿಲ್ಲ.

ಇನ್ನೊಂದು. ನಾನು 64 ಜಿಬಿಯದು ತೆಗೆದುಕೊಂಡು ತಪ್ಪು ಮಾಡಿದೆ. ಇದಕ್ಕೆ ಮೆಮೊರಿ ಕಾರ್ಡ್ ಹಾಕಲು ಜಾಗವೇ ಇಲ್ಲ. ಫೋಟೋ ಎಲ್ಲಾ ಇಂಟರ್ನೆಟ್‌ನಲ್ಲಿ ಇಡಲು ಆಪಲ್ ಕೊಡುವ ಐಕ್ಲೌಡ್‌ನಲ್ಲಿ ಬಿಟ್ಟಿ ಸಿಗುವುದು 5 ಜಿಬಿ, ಅದು ಮಕ್ಕಳ ಫೋಟೋಗೇ ಸಾಲದು. 50 ಜಿಬಿಗೆ ತಿಂಗಳಿಗೆ 75 ರೂಪಾಯಿ ಕಟ್ಟುತ್ತಿದ್ದೇನೆ. ತಂಗಿಗೆ ಕೊಡಿಸುವುದಾದರೆ 128ಕ್ಕಿಂತ ಕಡಿಮೆ ಬೇಡವೇ ಬೇಡ.

ಮುಳಬಾಗಿಲು ಕಡೆಯ ರೈತ

2023ರ ಜುಲೈ ನೆನಪಿದೆಯಲ್ಲ. ಕೋಲಾರ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ದಾಟಿತ್ತು. ಆ ದುಡ್ಡಲ್ಲಿ ಮಗನಿಗೆ ಐಫೋನ್ ಕೊಡಿಸಿದೆ, ಕೈಯಿಂದ ಪೂರ್ತಿ ಎಣಿಸಿ ಕೊಟ್ಟು. ಮುಂದಿನ ಬೆಳೆಗೆ ರೇಟು ಬಿತ್ತು. ಕಂತಿನಲ್ಲಿ ತಂದಿದ್ದರೆ ಆ ವರ್ಷ ಔಷಧಿ ಅಂಗಡಿ ಸಾಲದ ಜೊತೆ ಅದೂ ತಲೆ ಮೇಲೆ ಕೂರುತ್ತಿತ್ತು. ತಂಗಿಗೆ ತಿಂಗಳ ಸಂಬಳ ಇದೆ, ಅದು ಬೇರೆ. ಆದರೂ ಎರಡು ವರ್ಷ ಅದೇ ಕೆಲಸದಲ್ಲಿ ಇರುತ್ತಾಳಾ ಎಂದು ಒಮ್ಮೆ ಕೂತು ಮಾತಾಡಿ.

ನನಗೆ ಬೇಡ ಅಂದದ್ದು ಒಂದೇ ಕಾರಣಕ್ಕೆ. ಮಂಡಿಯವರು ರೇಟು, ಬಾಕ್ಸಿನ ಲೆಕ್ಕ ಎಲ್ಲಾ ಫೋನಿನಲ್ಲೇ ಹೇಳುತ್ತಾರೆ. ಅದು ರೆಕಾರ್ಡ್ ಆಗಿರಬೇಕು. ಐಫೋನಿನಲ್ಲಿ ಕಾಲ್ ರೆಕಾರ್ಡಿಂಗ್ ಬಂದದ್ದೇ 2024ರ ಅಕ್ಟೋಬರಿನಲ್ಲಿ. ಈಗ ಇದೆ. ರೆಕಾರ್ಡ್ ಶುರು ಆದ ಕೂಡಲೇ ಎರಡೂ ಕಡೆಗೆ ಕೇಳುವ ಹಾಗೆ ಹೇಳುತ್ತದೆ. ಅದು ನ್ಯಾಯವೇ ಬಿಡಿ.

ಕೋಲಾರ, ಕ್ಲಾಕ್ ಟವರ್ ಹತ್ತಿರ ಮೊಬೈಲ್ ರಿಪೇರಿ

ಅಕ್ಕಾ, ನಾನು ಹನ್ನೆರಡು ವರ್ಷದಿಂದ ಫೋನ್ ಬಿಚ್ಚುತ್ತಿದ್ದೇನೆ. ಐಫೋನ್ ಬಿಚ್ಚುವಾಗ ಎಷ್ಟು ಖುಷಿಯೋ ಅಷ್ಟೇ ಸಿಟ್ಟು. ಚಾರ್ಜರ್ ತೂತಿನ ಎರಡೂ ಕಡೆ ಎರಡು ಪುಟ್ಟ ಸ್ಕ್ರೂ ಇರುತ್ತವೆ. ತಲೆ ಐದು ಎಸಳಿನ ಹೂವಿನ ಹಾಗೆ. ಮಾಮೂಲಿ ಸ್ಕ್ರೂಡ್ರೈವರ್ ಅದಕ್ಕೆ ಕೂರುವುದೇ ಇಲ್ಲ. ಬೇರೆಯವರು ಬಿಚ್ಚಬಾರದು ಎಂದೇ ಮಾಡಿದ್ದು ಅನ್ನಿಸುತ್ತದೆ. ಆದರೆ ಸ್ಕ್ರೀನ್ ಸುತ್ತ ಬಿಸಿ ಕೊಟ್ಟು, ಮೆಲ್ಲಗೆ ಎತ್ತಿ ಒಳಗೆ ನೋಡಿದರೆ ಕೈ ಮುಗಿಯಬೇಕು. ಒಂದು ಎಳೆ ಜಾಗ ಸುಮ್ನೆ ಬಿಟ್ಟಿಲ್ಲ. ಬ್ಯಾಟರಿ ಕೆಳಗೆ ಅಂಟಿನ ಪಟ್ಟಿ ಇರುತ್ತದೆ. ಒಂದೇ ಸಮ ಎಳೆದರೆ ರಬ್ಬರಿನ ಹಾಗೆ ಉದ್ದಕ್ಕೆ ಬಂದು ಬ್ಯಾಟರಿ ತಾನಾಗಿ ಬಿಡುತ್ತದೆ. ಅವಸರ ಮಾಡಿದರೆ ಪಟ್ಟಿ ಒಳಗೇ ತುಂಡಾಗುತ್ತದೆ. ಆಮೇಲೆ ಅರ್ಧ ಗಂಟೆ ಅದೇ ಕೆಲಸ.

ಅಂಗಡಿಗೆ ಬರುವವರು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಹೊಸದು ಕೊಳ್ಳಲಿ ಅಂತ ಕಂಪನಿಯೇ ಹಳೆ ಫೋನ್ ಸ್ಲೋ ಮಾಡುತ್ತದಂತೆ, ಹೌದಾ?" ಇದರಲ್ಲಿ ಅರ್ಧ ನಿಜ ಇದೆ. ಲಿಥಿಯಂ ಬ್ಯಾಟರಿ ಹಳತಾದರೆ ಒಮ್ಮೆಗೇ ಜಾಸ್ತಿ ಪವರ್ ಕೊಡಲು ಆಗುವುದಿಲ್ಲ. ಕ್ಯಾಮೆರಾ ತೆಗೆದರೆ, ಗೇಮ್ ಹಾಕಿದರೆ ಫೋನ್ ಟಕ್ಕಂತ ಆಫ್ ಆಗುತ್ತದೆ. 30 ಪರ್ಸೆಂಟ್ ಚಾರ್ಜ್ ಇದ್ದರೂ ಆಗಬಹುದು. ಅದನ್ನು ತಡೆಯಲು ಆಪಲ್ 2017ರ ಆರಂಭದ ಅಪ್‌ಡೇಟ್‌ನಲ್ಲಿ ಬ್ಯಾಟರಿ ಸವೆದ ಫೋನುಗಳ ವೇಗ ಇಳಿಸಿತು. ಮಾಡಿದ ಕೆಲಸಕ್ಕೆ ಕಾರಣ ಇತ್ತು. ಆದರೆ ಬಳಸುವವರಿಗೆ ಹೇಳಲಿಲ್ಲ. ಬೇರೆಯವರು ಪರೀಕ್ಷೆ ಮಾಡಿ ತೋರಿಸಿದ ಮೇಲೆ, ಡಿಸೆಂಬರಿನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ರೇಟನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು, ಜನರಿಗೆ ಹೇಳದೆ ಮಾಡಿದ್ದಕ್ಕೇ. ನನ್ನ ಸಿಟ್ಟೂ ಅದೇ. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ ಎಂದು ಒಂದು ಮಾತು ಮೊದಲೇ ಹೇಳಿದ್ದರೆ ಎಷ್ಟೋ ಜನ ಹೊಸ ಫೋನಿಗೆ ದುಡ್ಡು ಸುರಿಯುತ್ತಿರಲಿಲ್ಲ ಅಲ್ವಾ?

ಆ ಜಗಳದಿಂದ ನಮಗೆ ಒಂದು ಒಳ್ಳೆಯದಾಯಿತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಎಂಬ ಜಾಗ ಬಂತು. ಹೊಸದಿದ್ದಾಗಿನ ಶಕ್ತಿಯಲ್ಲಿ ಎಷ್ಟು ಪರ್ಸೆಂಟ್ ಉಳಿದಿದೆ ಎಂದು ಅಲ್ಲಿ ತೋರಿಸುತ್ತದೆ. ಅದು 80ಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿ ಬದಲಿಸಬೇಕು, ಫೋನನ್ನಲ್ಲ. 14ರ ತನಕದ ಮಾಡೆಲ್‌ಗಳಲ್ಲಿ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ 80 ಉಳಿಯಬೇಕು, 15ರಿಂದ ಮುಂದಕ್ಕೆ 1,000 ಸಲ, ಇದು ಕಂಪನಿಯೇ ಹೇಳುವ ಲೆಕ್ಕ. 15ರಿಂದ ಯುಎಸ್‌ಬಿ-ಸಿ ಕೂಡ ಇದೆ. ಯುರೋಪಿನವರು ಕಾನೂನು ಮಾಡಿದ್ದಕ್ಕೆ ಬಂದದ್ದು ಅದು. 2020ರಿಂದ ಬಾಕ್ಸಿನಲ್ಲಿ ಚಾರ್ಜರ್ ಇಡುವುದನ್ನೇ ನಿಲ್ಲಿಸಿದ್ದಾರಲ್ಲ, ಮನೆಯಲ್ಲಿರುವ ಸಿ ಟೈಪ್ ಚಾರ್ಜರೇ ನಡೆಯುತ್ತದೆ. ನನ್ನನ್ನು ಕೇಳಿದರೆ ಸೆಕೆಂಡ್ ಹ್ಯಾಂಡ್ 15 ಸಿಕ್ಕರೆ ಸಾಕು.

ಕೆಜಿಎಫ್, ಡಿಗ್ರಿ ವಿದ್ಯಾರ್ಥಿ

ಸೆಕೆಂಡ್ ಹ್ಯಾಂಡ್ ಅಂದಿದ್ದಕ್ಕೆ ಹೇಳುತ್ತೇನೆ. ದಿನಾ ಟ್ರೈನಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಅಲ್ಲಿ ಒಬ್ಬರ ಹತ್ತಿರ 19,000 ಕೊಟ್ಟು ಹಳೆ ಐಫೋನ್ ತಂದೆ. ಬಿಲ್ ಕೇಳಲಿಲ್ಲ. ಮೂರು ದಿನ ಚೆನ್ನಾಗಿತ್ತು. ರೀಸೆಟ್ ಮಾಡಿದೆ ನೋಡಿ, ಮೊದಲಿನ ಓನರ್ ಪಾಸ್‌ವರ್ಡ್ ಕೇಳಿತು. ಮಾರಿದವರ ನಂಬರ್ ಸ್ವಿಚ್ ಆಫ್. ಪಾರ್ಟ್ ಟೈಮ್ ಕೆಲಸ ಮಾಡಿ ಎಂಟು ತಿಂಗಳು ಕೂಡಿಟ್ಟ ದುಡ್ಡು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಕೋಲಾರ, ಕ್ಲಾಕ್ ಟವರ್ ಹತ್ತಿರ ಮೊಬೈಲ್ ರಿಪೇರಿ

ತಮ್ಮಾ, ಅದು ಆಕ್ಟಿವೇಷನ್ ಲಾಕ್. ಅದನ್ನು ಬಿಚ್ಚಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಮತ್ತೆ ಕೊಡಬೇಡ. ಕಳ್ಳರಿಂದ ಫೋನ್ ಕಾಪಾಡಲು ಮಾಡಿದ ಬೀಗ ಅದು, ಒಳ್ಳೆಯದೇ. ನಿನ್ನಂಥವರು ಸಿಕ್ಕಿಬೀಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಮ್ಮನಿಗೆ ಹೇಳಿಬಿಡು, ಬೈದರೂ ಆಮೇಲೆ ಹಗುರ ಆಗುತ್ತದೆ.

ಅಕ್ಕಾ, ನೀವು ಹಳೆಯದು ತೆಗೆದುಕೊಂಡರೆ ಮಾರುವವರ ಎದುರಿಗೇ ಅವರ ಅಕೌಂಟ್ ಸೈನ್ ಔಟ್ ಮಾಡಿಸಿ, ರೀಸೆಟ್ ಹೊಡೆಸಿ, ಹೋಮ್ ಸ್ಕ್ರೀನ್ ಬರುವ ತನಕ ಅಲ್ಲೇ ಕೂತಿರಿ. ಅದು ಆಗದೆ ಒಂದು ರೂಪಾಯಿ ಕೊಡಬೇಡಿ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದರೆ ಯಾವ ಭಾಗ ಬದಲಾಗಿದೆ ಎಂದು ಫೋನೇ ಹೇಳುತ್ತದೆ. 12ರಿಂದ ಮುಂದಿನ ಮಾಡೆಲ್‌ಗಳಲ್ಲಿ ಬ್ಯಾಟರಿ, ಸ್ಕ್ರೀನ್, ಕ್ಯಾಮೆರಾ ಮೂರೂ ಗೊತ್ತಾಗುತ್ತವೆ. ಆಮೇಲೆ *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕಳೆದುಹೋಗಿದೆ ಎಂದು ಬ್ಲಾಕ್ ಮಾಡಿಸಿದ ಫೋನಾದರೆ ಅಲ್ಲೇ ತಿಳಿಯುತ್ತದೆ.

ನರಸಾಪುರ ಪಕ್ಕದ ಹಳ್ಳಿ, ಗೃಹಿಣಿ

ನಮ್ಮ ಮನೆ ಮೇಲಿನ ಎರಡು ರೂಮಿನಲ್ಲಿ ಫ್ಯಾಕ್ಟರಿಗೆ ಹೋಗುವ ಆರು ಹುಡುಗಿಯರು ಬಾಡಿಗೆಗೆ ಇದ್ದಾರೆ. ಒಬ್ಬಳು ರಾಯಚೂರಿನವಳು, ಇಬ್ಬರು ಆಂಧ್ರದ ಕಡೆಯವರು. ಹಬ್ಬಕ್ಕೆ ನನ್ನ ಮಗ ಬೆಂಗಳೂರಿನಿಂದ ಬಂದಾಗ ಅವನ ಐಫೋನ್ ಮೇಜಿನ ಮೇಲಿತ್ತು. ರಾಯಚೂರಿನ ಹುಡುಗಿ ಅದನ್ನು ತಿರುಗಿಸಿ, ಅಂಚಿನ ಮೇಲೆ ಉಗುರು ಎಳೆದು, "ಆಂಟಿ, ಈ ಜಾಗ ನೋಡಿ, ನಾನು ಚೆಕ್ ಮಾಡುವುದು ಇದನ್ನೇ. ಇಲ್ಲಿ ಕೂದಲಷ್ಟು ಗೀರಿದ್ದರೂ ಪಕ್ಕಕ್ಕೆ ತೆಗೆಯುತ್ತೇವೆ" ಅಂದಳು. ಎಷ್ಟು ಹೆಮ್ಮೆ ಅವಳ ಮುಖದಲ್ಲಿ! ಆಮೇಲೆ ಬಟ್ಟೆಯಿಂದ ಒರೆಸಿ ಇಟ್ಟಳು. ನಿಮ್ಮ ತಂಗಿಯ ಆಸೆಯನ್ನು ಶೋಕಿ ಎಂದು ಕರೆಯಬೇಡಿ ತಾಯಿ.

ನಮ್ಮ ಊರಿಗೆ ಈ ಫೋನಿನ ಮೇಲೆ ಎರಡೂ ಭಾವನೆ ಇದೆ. ಮೊದಲು ಈ ಫ್ಯಾಕ್ಟರಿ ವಿಸ್ಟ್ರಾನ್ ಕಂಪನಿಯದಾಗಿತ್ತು. 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಅಲ್ಲಿ ದೊಡ್ಡ ಗಲಾಟೆ ಆಯಿತು. ಗಾಜು ಒಡೆದವು, ಗಾಡಿಗಳು ಮಗುಚಿದವು. ನರಸಾಪುರದ ಹೆಸರು ದೇಶಕ್ಕೆಲ್ಲಾ ಗೊತ್ತಾದದ್ದು ಹಾಗೆ. ಒಂದು ವಾರದ ಮೇಲೆ ಆಪಲ್ ಕಂಪನಿಯೇ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಎಂದು ಹೇಳಿ, ಸರಿಪಡಿಸುವ ತನಕ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. 2023ರಲ್ಲಿ ಟಾಟಾದವರು ಫ್ಯಾಕ್ಟರಿ ಕೊಂಡರು. ಒಡೆದದ್ದು ತಪ್ಪು. ದುಡಿದ ದುಡ್ಡು ಸಮಯಕ್ಕೆ ಕೈಗೆ ಬಾರದಿದ್ದದ್ದು ಅದಕ್ಕಿಂತ ಮೊದಲಿನ ತಪ್ಪು. ಸಾವಿರಾರು ರೂಪಾಯಿಯ ಫೋನ್ ಮಾರುವವರು ಅದನ್ನು ಮೊದಲೇ ನೋಡಬೇಕಿತ್ತು. ಆ ಬೇಸರ ನನಗೆ ಇನ್ನೂ ಇದೆ. ಈ ಹುಡುಗಿಯರು ತಿಂಗಳಾದರೆ ಮನೆಗೆ ದುಡ್ಡು ಕಳಿಸುವುದನ್ನು ನೋಡಿದಾಗ ಫ್ಯಾಕ್ಟರಿ ಇರಲಿ, ಬೆಳೆಯಲಿ ಅಂತಲೂ ಅನ್ನಿಸುತ್ತದೆ.

ಕೋಲಾರ, ಟೈಲರಿಂಗ್ ಕೆಲಸ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲಾ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ, ತಂಗಿಗೆ ಓದಿ ಹೇಳಿದೆ. ನರಸಾಪುರದ ಅಮ್ಮನ ಮಾತು ಬಂದಾಗ ತಂಗಿ ಸುಮ್ಮನೆ ಎದ್ದು ಒಳಗೆ ಹೋದಳು. ಆಮೇಲೆ ಬಂದು, "ನನ್ನ ಕೈ ಮೇಲೆ ಹೋದ ಫೋನಿನಲ್ಲಿ ಒಂದಾದರೂ ನಮ್ಮ ಮನೆಗೆ ಬರಲಿ ಅಂತ ಆಸೆ ಅಕ್ಕ" ಅಂದಳು. ಅಪ್ಪ ಹಸುವಿನ ಮಾತು ಮತ್ತೆ ಎತ್ತಲಿಲ್ಲ. ಇಎಂಐ ಮಾತ್ರ ಬೇಡ ಅಂದರು.

ಸಂಕ್ರಾಂತಿ ಹೊತ್ತಿಗೆ ನನ್ನ ಚೀಟಿ ಬರುತ್ತದೆ, 40,000. ಮೇಲೆ ಬೇಕಾದರೆ ಅವಳು ಹಾಕುತ್ತಾಳೆ. ಸೆಕೆಂಡ್ ಹ್ಯಾಂಡ್ 15, 128 ಜಿಬಿ ನೋಡೋಣ ಎಂದು ಮೂರೂ ಜನ ಒಪ್ಪಿದ್ದೇವೆ. ರಿಪೇರಿ ಅಣ್ಣ, ಫೋನ್ ಸಿಕ್ಕರೆ ದುಡ್ಡು ಕೊಡುವ ಮೊದಲು ನಿಮ್ಮ ಹತ್ತಿರ ತಂದು ತೋರಿಸಬಹುದಾ? ಅವಳಿಗೆ ರಜೆ ಭಾನುವಾರವೇ.

ಕೋಲಾರ, ಕ್ಲಾಕ್ ಟವರ್ ಹತ್ತಿರ ಮೊಬೈಲ್ ರಿಪೇರಿ

ಭಾನುವಾರ ಮಧ್ಯಾಹ್ನದ ತನಕ ತೆಗೆದಿರುತ್ತೇನೆ ಅಕ್ಕಾ. ಮಾರುವವರನ್ನೂ ಜೊತೆಗೆ ಕರೆದುಕೊಂಡು ಬನ್ನಿ, ಬಿಲ್ಲು, ಬಾಕ್ಸು ತರಲು ಹೇಳಿ. ನೋಡಿದ್ದಕ್ಕೆ ದುಡ್ಡು ಬೇಡ.